ಹುಲಿಗೆಮ್ಮನ ಬಲಗಣ್ಣು

ಮೊದಲು ಚೀಟಿ, ಆಮೇಲೆ ಬಲಗಣ್ಣು, ಕೊನೆಗೆ ಎಡಗಣ್ಣು. ಪ್ರತಿ ಹೆಂಗಸಿಗೂ ಮೂರು ಫೋಟೋ, ಇದೇ ಕ್ರಮ. ಚೀಟಿಯಲ್ಲಿ ಅವಳ ಹೆಸರು, ಗಂಡನ ಹೆಸರು ಇರುತ್ತಿದ್ದವು. ಅದನ್ನು ಅವಳೇ ಗದ್ದದ ಕೆಳಗೆ ಹಿಡಿದುಕೊಳ್ಳಬೇಕು. ಕ್ಯಾಮೆರಾ ಮೊದಲು ಚೀಟಿಯನ್ನು ನೋಡಿ, ಆಮೇಲೆ ಕಣ್ಣಿನೊಳಗೆ ಇಣುಕುತ್ತದೆ. ಕಣ್ಣಿನ ಹಿಂದಿನ ಪರದೆ ಫೋಟೋದಲ್ಲಿ ಕಿತ್ತಳೆ ಬಣ್ಣದ ಹುಣ್ಣಿಮೆ ಚಂದ್ರನಂತೆ ಕಾಣುತ್ತದೆ. ಅದರ ಮೇಲೆ ವೀಳ್ಯದೆಲೆಯ ನರಗಳಂಥ ಕೆಂಪು ಗೆರೆಗಳು. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿದ್ದರೆ ಆ ಚಂದ್ರನ ಮೇಲೆ ಕಲೆಗಳು ಮೂಡಿರುತ್ತವೆ.

ಕಲೆ ನೋಡುವುದು ಹುಬ್ಬಳ್ಳಿಯ ಡಾಕ್ಟರರ ಕೆಲಸ. ನನ್ನ ಕೆಲಸ ಹೆಸರಿಡುವುದು. ಒಂದು ಟ್ರಸ್ಟಿನವರು ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದರು. ಮನೆಯಲ್ಲೇ ಕೂತು ಮಾಡುವ, ಇಂಗ್ಲಿಷ್ ಟೈಪಿಂಗ್ ಬರುವ ಹೆಂಗಸು ಬೇಕಾಗಿತ್ತು. ಕಾನ್ವೆಂಟಿನಲ್ಲಿ ಓದಿದವಳು ಎಂದು ಯಾರೋ ನನ್ನ ಹೆಸರು ಹೇಳಿದರು. ಹೀಗೆ ಕೊಪ್ಪಳದ ನಮ್ಮ ಅಡುಗೆಮನೆಯ ಕಿಟಕಿ ಪಕ್ಕದ ಮೇಜಿಗೆ ಟ್ರಸ್ಟಿನ ಹಳೆಯ ಲ್ಯಾಪ್‌ಟಾಪ್ ಬಂದು ಕೂತಿತು.

ಶಿಬಿರ ಮುಗಿಸಿ ಕ್ಯಾಮೆರಾದ ಹುಡುಗಿ ನಮ್ಮ ಮನೆಗೆ ಬರುತ್ತಿದ್ದಳು. ಫೋಟೋ ತೆಗೆಯುವವಳು ಅವಳೇ. ಕ್ಯಾಮೆರಾದ ಕಾರ್ಡಿನಲ್ಲಿದ್ದುದನ್ನು ಲ್ಯಾಪ್‌ಟಾಪಿಗೆ ಇಳಿಸಿ, ಚಹಾ ಕುಡಿದು, ಮುಂದಿನ ಊರಿಗಾಗಿ ಕಾರ್ಡನ್ನು ಖಾಲಿ ಮಾಡಿಕೊಂಡು ಹೋಗುತ್ತಿದ್ದಳು. ಕ್ಯಾಮೆರಾ ಕೊಟ್ಟ ನಂಬರುಗಳನ್ನು ತೆಗೆದು, ಚೀಟಿ ನೋಡಿ, ಹೆಂಗಸಿನ ಹೆಸರು, ಗಂಡನ ಹೆಸರು, ಚೀಟಿ, ಬಲ ಅಥವಾ ಎಡ ಎಂದು ಹೊಸ ಹೆಸರಿಟ್ಟು, ತಾಲ್ಲೂಕಿನ ಫೋಲ್ಡರಿಗೆ ಸಾಗಿಸುವುದು ನನ್ನ ಪಾಲಿನದು.

ಲ್ಯಾಪ್‌ಟಾಪಿಗೆ ಅಷ್ಟು ಫೋಟೋಗಳ ಭಾರ ತಾಳಲಾಗುತ್ತಿರಲಿಲ್ಲ. ಫೋಲ್ಡರಿನ ಕಿಟಕಿ ತೆರೆದರೆ ಪರದೆಯ ಮೇಲೆ ಚಕ್ರ ತಿರುಗುತ್ತ ನಿಂತುಬಿಡುತ್ತಿತ್ತು. ಅದನ್ನು ಸಜ್ಜು ಮಾಡಿಕೊಟ್ಟಿದ್ದ ಗಂಗಾವತಿಯ ರಿಪೇರಿ ಅಂಗಡಿಯವರು ನನಗೆ ಅಕ್ಷರ ಒತ್ತಿಯೇ ಆದೇಶ ಕೊಡುವ ಕಪ್ಪು ಪರದೆ ತೋರಿಸಿಕೊಟ್ಟರು.

"ನೋಡಾಕ ಹೆದರಿಕಿ ಬರ್ತೈತ್ರಿ ಅಕ್ಕಾರ, ಆದ್ರ ಭಾಳ ಛಲೋ ಮನಷಾ ಇದು. ಎಂ.ವಿ. ಅಂತ ಒತ್ರಿ, ಹಳೇ ಹೆಸರು ಒತ್ರಿ, ಹೊಸಾ ಹೆಸರು ಒತ್ರಿ, ಎಂಟರ್. ಮುಗೀತು."

"ಬ್ಯಾರೆ ಫೋಲ್ಡರಿಗೆ ಕಳಸೂದು?"

"ಅದೂ ಎಂ.ವಿ.ನ. ಹೆಸರು ಬದಲಿ ಮಾಡೂದು, ಜಾಗಾ ಬದಲಿ ಮಾಡೂದು, ಇದರ ಲೆಕ್ಕದಾಗ ಎರಡೂ ಒಂದ."

ನನಗೆ ಅದು ವಿಚಿತ್ರವೆನಿಸಲಿಲ್ಲ. ಮದುವೆಯ ದಿನ ನನ್ನ ಮನೆಯೂ ಹೆಸರೂ ಒಟ್ಟಿಗೇ ಬದಲಾಗಿದ್ದವು.

ನಾನು ಮೊದಲ ಸಲ ಎಂಟರ್ ಒತ್ತಿದಾಗ ಪರದೆ ಏನೂ ಹೇಳಲಿಲ್ಲ. "ಇದೇನ್ರೀ, ಉತ್ತರನ ಕೊಡವಲ್ದು?" ಎಂದೆ. "ಸುಮ್ನ ಇದ್ರ ಕೆಲಸ ಆತು ಅಂತ ತಿಳಕೋರಿ. ತಪ್ಪಾದ್ರಷ್ಟ ಮಾತಾಡ್ತೈತಿ" ಎಂದರು. ನಾನು ಓದಿದ ಕಾನ್ವೆಂಟಿನಲ್ಲೂ ಹಾಗೇ ಇತ್ತು. ಸಿಸ್ಟರ್ ಬೆಂಚಿನ ಪಕ್ಕ ಸುಮ್ಮನೆ ದಾಟಿ ಹೋದರೆ ಬರೆದದ್ದು ಸರಿ ಎಂದರ್ಥ. ಆ ಮೌನ ನನಗೆ ಬಹಳ ಹಿಡಿಸಿತು.

ಹಿಟ್ನಾಳದ ಶಿಬಿರದ ಫೋಟೋಗಳನ್ನು ಮುಗಿಸಿದ ಬೆಳಿಗ್ಗೆ ನಾನು ಅವರೆಕಾಳು ಬಿಡಿಸುತ್ತಿದ್ದೆ. ಕುಷ್ಟಗಿಯಿಂದ ಕ್ಯಾಮೆರಾದ ಹುಡುಗಿಯ ಫೋನು ಬಂತು.

"ಅಕ್ಕಾ, ಹಿಟ್ನಾಳದಾಗ ಹುಲಿಗೆಮ್ಮ ಅಂತ ಒಬ್ಬಾಕಿ ಇದ್ಲಲಾ, ಆಕಿ ಬಲಗಣ್ಣು ಎಲ್ಲಾದಕ್ಕೂ ಮೊದಲ ಡಾಕ್ಟರಿಗೆ ಕಳಸ್ರಿ. ನಾ ತೆಗಿಯೂಮುಂದ ಒಳಗ ರಕ್ತ ಕಂಡಿತ್ತು. ನಮಗ ಹೇಳೂ ಅಧಿಕಾರ ಇಲ್ಲ, ಆಕಿಗೆ ಏನೂ ಹೇಳಿಲ್ಲ. ಮರ್ತ್ರ ನನ್ನ ಪಾಪ ತಟ್ಟತೈತಿ."

ಕೈ ಒರೆಸಿಕೊಂಡು ಬಂದು ಹುಲಿಗೆಮ್ಮನ ಬಲಗಣ್ಣು ತೆರೆದೆ. ಶುಭ್ರವಾದ ಚಂದ್ರ. ಒಂದು ಚುಕ್ಕೆಯೂ ಇರಲಿಲ್ಲ. ಎಡಗಣ್ಣು ತೆರೆದೆ, ಅದೂ ಶುಭ್ರ. ಹುಡುಗಿಗೆ ಹೆಸರು ತಪ್ಪಿರಬೇಕು ಎಂದುಕೊಂಡು ಬೇರೆಯವರ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ರಕ್ತ ಎಲ್ಲೂ ಇರಲಿಲ್ಲ.

ಕಪ್ಪು ಪರದೆಗೆ ಹಿಂದೆ ಒತ್ತಿದ ಆದೇಶಗಳನ್ನೆಲ್ಲ ತೋರಿಸುವ ಒಂದು ಗುಣವಿದೆ. ಅದನ್ನು ಕೇಳಿದೆ. ಸಾಲುಗಳು ಸುರಿದವು. ಅವುಗಳ ನಡುವೆ ಹುಲಿಗೆಮ್ಮ. ಸ್ವಲ್ಪ ಕೆಳಗೆ ಮತ್ತೆ ಹುಲಿಗೆಮ್ಮ. ಇನ್ನೂ ಕೆಳಗೆ ಹುಲಿಗೆಮ್ಮ, ಹುಲಿಗೆಮ್ಮ, ಹುಲಿಗೆಮ್ಮ.

ನಮ್ಮ ಕಡೆ ಹುಲಿಗಿಯ ದೇವಿಯ ಹೆಸರಿಲ್ಲದ ಓಣಿಯಿಲ್ಲ. ಅದಕ್ಕೇ ಟ್ರಸ್ಟಿನವರು ಗಂಡನ ಹೆಸರನ್ನೂ ಸೇರಿಸಲು ಹೇಳಿದ್ದರು. ಆದರೆ ಹೆಂಗಸರು ಗಂಡನ ಹೆಸರು ಹೇಳಬೇಕಲ್ಲ? ಜೊತೆಗೆ ಯಾರಾದರೂ ಬಂದಿದ್ದರೆ ಅವರು ಹೇಳುತ್ತಿದ್ದರು. ಒಬ್ಬಳೇ ಬಂದವಳು ಸೆರಗು ಬಾಯಿಗೆ ಹಿಡಿದು ನಗುತ್ತ ನಿಲ್ಲುತ್ತಿದ್ದಳು. ಹಿಂದೆ ಸಾಲು ಉದ್ದವಾಗುತ್ತಿತ್ತು. ಚೀಟಿ ಬರೆಯುವವರು ಆ ಜಾಗದಲ್ಲಿ ಒಂದು ಗೆರೆ ಎಳೆದು ಮುಂದಕ್ಕೆ ಕಳಿಸುತ್ತಿದ್ದರು. ನಾನು ಗೆರೆಯನ್ನು ಗೆರೆಯೆಂದೇ ಟೈಪ್ ಮಾಡಿದ್ದೆ. ಪ್ರತಿ ಹೊಸ ಹುಲಿಗೆಮ್ಮ ಬಂದಾಗಲೂ ಪರದೆ ಒಂದು ಮಾತೂ ಆಡದೆ ಹಿಂದಿನವಳನ್ನು ಅಳಿಸಿ, ಅವಳ ಜಾಗದಲ್ಲಿ ಇವಳನ್ನು ಕೂರಿಸಿತ್ತು. ನಾನು ನೋಡಿದ ಶುಭ್ರ ಚಂದ್ರ ಕೊನೆಯ ಹುಲಿಗೆಮ್ಮನದು. ರಕ್ತವಿದ್ದವಳು ಅವಳ ಕೆಳಗೆಲ್ಲೋ ಹೂತುಹೋಗಿದ್ದಳು.

ಕ್ಯಾಮೆರಾದ ಕಾರ್ಡು ಆಗಲೇ ಖಾಲಿಯಾಗಿತ್ತು. ಅದರಲ್ಲೀಗ ಕುಷ್ಟಗಿಯ ಕಣ್ಣುಗಳಿದ್ದವು. ಹುಡುಗಿಗೆ ಫೋನು ಮಾಡಿ, ಆಕೆಯ ಮುಖ ಹೇಗಿತ್ತು, ಊರು ಯಾವುದು ಎಂದು ಕೇಳಿದೆ.

"ಮುಖ ನೆನಪಿಲ್ರಿ ಅಕ್ಕಾ. ನಾ ನೋಡೂದು ಕಣ್ಣಷ್ಟ. ಹಸರ ಬಳಿ ಇದ್ದು."

ಹಸಿರು ಬಳೆ ಇಲ್ಲದ ಕೈ ಯಾವುದಿದೆ?

ಡಾಕ್ಟರರಿಗೆ ನಡೆದದ್ದನ್ನು ಹೇಳಿ, ಎಷ್ಟು ದಿನ ತಡೆಯಬಹುದು ಎಂದು ಕೇಳಿದೆ. ಅವರು ಬೈಯಲಿಲ್ಲ. "ಈಗ ರಕ್ತ ಒಂದ ಕಡೆ ನಿಂತಿರತದ. ಇನ್ನೊಮ್ಮೆ ಸೋರಿ ಕಣ್ಣ ತುಂಬಾ ಹರಡಿದ್ರ ಸೋರಿಕಿ ನಿಲ್ಲಸೂ ಲೇಸರ್ ಬೆಳಕು ಒಳಗ ಹೋಗೂದಿಲ್ಲ. ಬಗ್ಗಿ ಭಾರದ ಕೆಲಸ ಮಾಡವರಿದ್ರ ಇವತ್ತ ಆದರೂ ಸೋರಬಹುದು. ಹುಡುಕ್ರಿ" ಎಂದಷ್ಟೇ ಹೇಳಿದರು.

ಟ್ರಸ್ಟಿನ ವ್ಯವಸ್ಥಾಪಕರು ಬೇರೆ ದಾರಿ ಹೇಳಿದರು. "ಗದ್ಲ ಮಾಡಬ್ಯಾಡ್ರಿ ಅಕ್ಕಾರ. ಮುಂದಿನ ತಿಂಗಳ ಯಲಬುರ್ಗಾದಾಗ ಶಿಬಿರ ಐತಿ. ಎಲ್ಲಾ ಹುಲಿಗೆಮ್ಮಗೋಳ್ನೂ ಅಲ್ಲಿಗೆ ಕರಸಿ ಮತ್ತ ಫೋಟೋ ತೆಗಸೋಣು."

"ಮುಂದಿನ ತಿಂಗಳ ತನಕ ಆಕಿ ಕಣ್ಣು ಕಾಯ್ತೈತೇನ್ರಿ?" ಎಂದೆ. ಆ ಕಡೆ ಮೌನ. ಈ ಸಲ ಆ ಮೌನಕ್ಕೆ ಸರಿ ಎಂಬ ಅರ್ಥ ನಾನು ಹಚ್ಚಲಿಲ್ಲ.

ಶಿಬಿರದ ಬಾಗಿಲಲ್ಲಿ ಹೆಸರು ಬರೆದುಕೊಂಡವರ ಬಳಿ ಊರುಗಳಿದ್ದವು. ಅಲ್ಲೂ ಹುಲಿಗೆಮ್ಮಗಳ ಮುಂದೆ ಗೆರೆ. ಕೊಟ್ಟಿದ್ದ ನಂಬರುಗಳು ಮಕ್ಕಳವು, ಮೈದುನಂದಿರವು. "ನಮ್ಮವ್ವಗ ಏನಾಗೇತ್ರಿ, ಆರಾಮ ಅದಾಳ" ಎಂದು ಫೋನಿಟ್ಟರು ಕೆಲವರು. ಉಳಿದ ನಂಬರುಗಳು ಹತ್ತಲೇ ಇಲ್ಲ.

ಆಮೇಲೆ ಗಂಗಾವತಿಯ ಅಂಗಡಿಗೆ ಫೋನು ಮಾಡಿದೆ. ಅಷ್ಟರಲ್ಲಿ ನಾನು ಗಾಬರಿಯಲ್ಲಿ ಅದನ್ನು ತೆರೆದು, ಇದನ್ನು ನಕಲು ಮಾಡಿ, ಅಳಿಸಿದ್ದನ್ನು ಮರಳಿಸುವ ಯಾವುದೋ ಸಾಧನವನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುತ್ತಿದ್ದೆ.

"ಬಿಡ್ರಿ! ಕೈ ತೆಗೀರಿ ಮೊದ್ಲ!" ಅವರು ಕೂಗಿದ ರಭಸಕ್ಕೆ ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಅಳಿಸಿದ್ದು ಒಮ್ಮಿಗೇ ಹೋಗೂದಿಲ್ರಿ. ಹೆಸರಷ್ಟ ಹೋಗಿರತೈತಿ, ಫೋಟೋ ಡಿಸ್ಕಿನ್ಯಾಗ ಬಿದ್ದಿರತೈತಿ, ಅದರ ಮ್ಯಾಲ ಬ್ಯಾರೇದು ಬಂದು ಕುಂಡ್ರೂತನಾ. ನೀವು ಇಳಿಸಿಕೊಳ್ಳಾಕ ಹತ್ತೀರಲಾ, ಅದ ಬಂದು ಕುಂಡ್ರತೈತಿ ಆಕಿ ಕಣ್ಣಿನ ಮ್ಯಾಲ!"

"ಬಂದ್ ಮಾಡ್ಲೇನ್ರಿ?"

"ಬಂದ್ ಮಾಡೂಮುಂದ ಸುದ್ದಾ ಅದು ಏನರ ಬರಕೋತೈತಿ. ಬ್ಯಾಟರಿ ಕಿತ್ತ ಒಗೀರಿ."

ಯಾವ ಯಂತ್ರವನ್ನೂ ಹಾಗೆ ಆರಿಸಿದವಳಲ್ಲ ನಾನು. ಮಿಕ್ಸಿಯನ್ನೂ ಬಟನ್ ಒತ್ತಿ, ನಿಂತ ಮೇಲೆ ಪ್ಲಗ್ ತೆಗೆಯುವವಳು. ಆ ದಿನ ಲ್ಯಾಪ್‌ಟಾಪನ್ನು ಬೋರಲು ಮಾಡಿ, ಕೊಂಡಿ ಸರಿಸಿ, ಬ್ಯಾಟರಿಯನ್ನು ಎಳೆದೆ. ಒಳಗೆ ತಿರುಗುತ್ತಿದ್ದ ಸದ್ದು ಕುಗ್ಗುತ್ತ ಕುಗ್ಗುತ್ತ ನಿಂತಿತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಕುಕ್ಕರ್ ನಾ ಇಡ್ತೀನಿ. ನೀ ಗಂಗಾವತಿ ಬಸ್ ಹಿಡಿ" ಎಂದರು. ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿದ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ರಸ್ತೆಯ ಪ್ರತಿ ಗುಂಡಿಯಲ್ಲೂ ಅದನ್ನು ಎತ್ತಿ ಹಿಡಿದೆ. ಆರಿದ ಡಿಸ್ಕಿಗೆ ಗುಂಡಿಯಿಂದ ಏನೂ ಆಗದೆಂದು ಆಮೇಲೆ ತಿಳಿಯಿತು.

ಡಿಸ್ಕನ್ನು ಹೊರತೆಗೆದು ಅಂಗಡಿಯ ಯಂತ್ರಕ್ಕೆ ಜೋಡಿಸಿ, ಅಳಿದ ಚಿತ್ರಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಎತ್ತಿ ಹಾಕುವ ಕೆಲಸ ಮರುದಿನ ಬೆಳಿಗ್ಗೆಗೆ ಮುಗಿದಿತ್ತು. ನಾನು ಮತ್ತೆ ಹೋಗಿ ಅವರ ಪಕ್ಕ ಸ್ಟೂಲಿನ ಮೇಲೆ ಕೂತೆ. ಚಿತ್ರಗಳು ಬಂದಿದ್ದವು, ಒಂದಕ್ಕೂ ಹೆಸರಿರಲಿಲ್ಲ. ಲ್ಯಾಪ್‌ಟಾಪಿನ ಹಿಂದಿನ ಮಾಲೀಕರ ಮದುವೆ, ಯಾರದೋ ಹೊಸ ಟ್ರ್ಯಾಕ್ಟರು, ಸೀರೆ ಜಾಹೀರಾತು, ಅವುಗಳ ನಡುವೆ ನಮ್ಮ ಕಣ್ಣುಗಳು. ಕೆಲವು ಅರ್ಧ ಕಣ್ಣು, ಉಳಿದರ್ಧ ಬೂದು ಪಟ್ಟೆ. ಆ ಬೂದು ಪಟ್ಟೆಗಳಲ್ಲಿ ನಾನು ಇಳಿಸಿಕೊಂಡದ್ದೇ ಕೂತಿರಬೇಕು. ಪ್ರತಿ ಬೂದು ಪಟ್ಟೆ ಕಂಡಾಗಲೂ ಕೆಂಪು ಉಳಿದಿದೆಯೇ ಎಂದು ಬಾಗಿ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅದು ಸಿಕ್ಕಿತು. ಕಿತ್ತಳೆ ಚಂದ್ರನ ಕೆಳಭಾಗದಲ್ಲಿ ದೋಣಿಯ ಆಕಾರದಲ್ಲಿ ನಿಂತ ಕಡುಗೆಂಪು. ಬಟ್ಟಲಿನ ತಳದಲ್ಲಿ ಉಳಿದ ಕಷಾಯದ ಹಾಗೆ.

"ಇದರ ಹಿಂದಿನ ಫೋಟೋ ತೆಗೀರಿ, ಚೀಟಿ ಇರತೈತಿ" ಎಂದೆ. ಫೋಟೋ ತೆಗೆದ ಹೊತ್ತು ಅದರ ಒಳಗೇ ಬರೆದಿರುತ್ತದೆ. ಹೆಸರು ಅಳಿದರೂ ಅದು ಅಳಿಯುವುದಿಲ್ಲ. ಆ ಹೊತ್ತು ಹಿಡಿದು ಚೀಟಿಯನ್ನೂ ಹುಡುಕಿದರು. ಚೀಟಿ ಪೂರ್ತಿ ಬಂದಿತ್ತು, ಅಕ್ಷರ ಸ್ಪಷ್ಟ. ಹುಲಿಗೆಮ್ಮ ಎಂದಿತ್ತು. ಗಂಡನ ಹೆಸರಿನ ಜಾಗದಲ್ಲಿ ಗೆರೆ.

ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ. ಅವರು ಪಾಪ, ಎದ್ದು ಹೋಗಿ ಫ್ಯಾನಿನ ವೇಗ ಹೆಚ್ಚಿಸಿದರು.

ಕಣ್ಣೊರೆಸಿಕೊಂಡು ಮತ್ತೆ ನೋಡಿದಾಗ ಚೀಟಿಗಿಂತ ಚೀಟಿ ಹಿಡಿದ ಬೆರಳುಗಳು ಕಂಡವು. ಹೆಬ್ಬೆರಳಿಗೆ ನೀಲಿ ಬಟ್ಟೆಯ ಚಿಂದಿ ಸುತ್ತಿತ್ತು. ಉಳಿದ ಉಗುರುಗಳ ಅಂಚು ತಿಂದುಹೋಗಿ, ಸಂದಿಯಲ್ಲಿ ಕಪ್ಪು ಕೂತಿತ್ತು. ದಿನವಿಡೀ ಕೆಸರುನೀರಿನಲ್ಲಿ ಕೈಯಿಟ್ಟವರ ಉಗುರು. "ನಾಟಿ ಹಚ್ಚವರ ಕೈ ಅದು" ಎಂದರು ಅಂಗಡಿಯವರು. ಕಾಲುವೆಗೆ ನೀರು ಬಿಟ್ಟಾಗಿತ್ತು. ಡಾಕ್ಟರರು ಹೇಳಿದ ಬಗ್ಗಿ ಮಾಡುವ ಕೆಲಸ ಅದಕ್ಕಿಂತ ಬೇರೆ ಯಾವುದಿದೆ?

ಒಂದು ಯೋಚನೆ ಬಂತು. ಎಂ.ವಿ. ಹೆಸರು ಬದಲಿಸುತ್ತದೆ, ಹೊತ್ತು ಬದಲಿಸುವುದಿಲ್ಲ. ಹಾಗಾದರೆ ಅಳಿಯದೆ ಉಳಿದ ಹೆಂಗಸರ ಫೋಟೋಗಳನ್ನೂ ಹೊತ್ತಿನ ಪ್ರಕಾರ ಜೋಡಿಸಿದರೆ ಇವಳ ಹಿಂದೆ ಮುಂದೆ ಯಾರಿದ್ದರೆಂದು ಗೊತ್ತಾಗುತ್ತದೆ. ಜೋಡಿಸಿದೆವು. ಇವಳ ಬೆನ್ನಿಗೇ ಇದ್ದವಳು ಗೌರಮ್ಮ. ಅವಳ ಗಂಡನ ಹೆಸರೂ ಇತ್ತು; ಬಾಗಿಲಿನವರ ಪಟ್ಟಿಯಲ್ಲಿ ಊರು ಹಿಟ್ನಾಳವೇ.

ಹಿಟ್ನಾಳದ ಹೆದ್ದಾರಿ ಬದಿಯಲ್ಲಿ ಗೌರಮ್ಮನ ಮಿರ್ಚಿ ಬಂಡಿ. ಬಾಣಲೆಯಿಂದ ಕಣ್ಣು ತೆಗೆಯದೆ ಮಾತಾಡಿದಳು.

"ಅವತ್ತ ನಿಮ್ಮ ಮುಂದ ಯಾರು ಕುಂತಿದ್ರು, ನೆನಪೈತೇನ್ರಿ?"

"ನೆನಪೈತೇನ ಅಂತ ಕೇಳ್ತೀರಲ್ರೀ! ಆ ಉರಿ ಹನಿ ಹಾಕಿ ತಾಸುಗಟ್ಲೆ ಕಣ್ಣು ಮುಚ್ಚಿ ಕುಂಡ್ರಿಸಿದ್ರು. ಕಣ್ಣು ಮುಚ್ಚಿದ್ರ ಬಾಯಿ ಸುಮ್ನ ಇರತೈತೇನು? ಇಬ್ರೂ ಕೂಡಿ ನಿಮ್ಮ ಟ್ರಸ್ಟಿನವ್ರ ಏಳು ತಲಿ ತನಕ ಬೈದೀವಿ."

"ಆಕಿ ನೋಡಾಕ ಹ್ಯಾಂಗಿದ್ಲು?"

"ಕಣ್ಣು ಮುಚ್ಚಿದ್ನಿ ಅಂದೆನಲ್ಲ. ದನಿ ಗೊತ್ತು. ಯಲಬುರ್ಗಾ ಕಡ್ಯಾಕಿ, ಮಗಳ ಬಾಣಂತನಕ್ಕ ಬಂದಾಕಿ. ನನ್ನ ಹೆಗಲ ಮ್ಯಾಲ ತಲಿ ಇಟ್ಟು ಗೊರಕಿ ಹೊಡದ್ಲು. ಮಗಳ ಮನಿ ಅಲ್ಲೇ, ನೀರಿನ ಟಾಕಿ ಹಿಂದ. ಯಾಕ್ರಿ, ಏನಾಗೇತಿ?"

ಹೇಳಿದೆ. ಗೌರಮ್ಮ ಬಾಣಲೆಯ ಉರಿ ತಗ್ಗಿಸಿ, ಜಾಲರಿ ಸೌಟನ್ನು ಗಿರಾಕಿಯೊಬ್ಬನ ಕೈಗೆ ಕೊಟ್ಟು, "ಕರಿಯಾಗ್ಲಾರದಂಗ ನೋಡ್ಕೋ ತಮ್ಮಾ" ಎಂದು ನನ್ನ ಮುಂದೆ ನಡೆದೇಬಿಟ್ಟಳು.

ಮಗಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಅವ್ವ ಗಂಗಾವತಿ ಆಚೆ ಕಾಲುವೆ ಪಕ್ಕದ ಗದ್ದೆಗೆ ನಾಟಿಗೆ ಹೋಗ್ಯಾಳ, ಗುಂಪಿನವರೆಲ್ಲ ಅಲ್ಲೇ ಶೆಡ್ಡಿನಲ್ಲಿ ಅದಾರ ಎಂದಳು. ಫೋನು ಗುಂಪಿನ ಮುಖ್ಯಸ್ಥಳ ಹತ್ತಿರ. ರಿಂಗಾಯಿತು, ಎತ್ತಲಿಲ್ಲ. "ಪ್ಲಾಸ್ಟಿಕ್ಕಿನ್ಯಾಗ ಕಟ್ಟಿ ಬದುವಿನ ಮ್ಯಾಲ ಇಟ್ಟಿರ್ತಾರ್ರಿ" ಎಂದಳು ಮಗಳು. ಆ ಬೆಳಿಗ್ಗೆ ನಾನು ಗಂಗಾವತಿಯಲ್ಲೇ ಇದ್ದೆ. ಬಂದ ದಾರಿಯಲ್ಲೇ ಮತ್ತೆ ಬಸ್ಸು ಹತ್ತಿದೆ. ಗಂಗಾವತಿಯಲ್ಲಿಳಿದು ಆಟೋ ಹಿಡಿದೆ. ಅಕ್ಕಿ ಗಿರಣಿಗಳು ದಾಟಿದವು. ಹೊಟ್ಟಿನ ಧೂಳು ನನ್ನ ತುಟಿಯ ಮೇಲೆ ಕೂತಿತು. ಒಂದೊಂದು ಲಾರಿಯ ಹಿಂದೆ ನಿಲ್ಲುವಾಗಲೂ ಆ ಕೆಂಪು ದೋಣಿ ಅಲುಗಾಡಿದಂತೆ ಕಾಣುತ್ತಿತ್ತು.

ಗದ್ದೆಯಲ್ಲಿ ಹೆಂಗಸರ ಸಾಲು. ಎಲ್ಲರಿಗೂ ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಟವೆಲು, ಎಲ್ಲರ ಬೆನ್ನೂ ಬಾಗಿತ್ತು. ಬದುವಿನ ಮೇಲೆ ನಿಂತು ದನಿ ಇದ್ದಷ್ಟು ಜೋರಾಗಿ, "ಹುಲಿಗೆಮ್ಮಾ!" ಎಂದೆ.

ಒಂದೇ ಸಲಕ್ಕೆ ಹಲವು ತಲೆಗಳು ಮೇಲೆದ್ದವು.

"ಯಾವ ಹುಲಿಗೆಮ್ಮ ಬೇಕ್ರಿ ಬಾಯಾರ? ದಪ್ಪನ್ನಾಕಿ ಅದಾಳ, ಕರ್ರನ್ನಾಕಿ ಅದಾಳ, ಜಗಳಗಂಟಿ ಒಬ್ಬಾಕಿ ಅದಾಳ!" ಸಾಲಿಗೆ ಸಾಲೇ ನಕ್ಕಿತು.

"ಹಿಟ್ನಾಳದಾಗ ಕಣ್ಣು ತೋರಿಸಿದಾಕಿ!"

"ಜಗಳಗಂಟೀನ ನೋಡ್ರಿ ಅದು!"

ಒಬ್ಬಳು ಸಸಿಗಳ ಕಟ್ಟನ್ನು ಕೈಯಲ್ಲಿಟ್ಟುಕೊಂಡೇ ಕೆಸರು ತುಳಿಯುತ್ತ ಬಂದಳು. ಹೆಬ್ಬೆರಳಿಗೆ ನೀಲಿ ಚಿಂದಿ. "ನಿಮ್ಮ ಬಲಗಣ್ಣಾಗ ರಕ್ತ ಐತ್ರಿ, ಈಗಲೇ ಹುಬ್ಬಳ್ಳಿ ಡಾಕ್ಟರ ಕಡೆ ನಡೀರಿ" ಎಂದೆ.

"ಕಣ್ಣಿಗೇನಾಗೇತ್ರಿ ನನಗ? ಛಲೋ ಕಾಣತಾವ. ಒಂದು ನೂಲು ತೇಲ್ಯಾಡಿದಂಗ ಆಗತೈತಿ, ಅಷ್ಟ. ಈ ಗದ್ದಿ ಮಡಿ ಮುಗೀಲಿ, ನಾಡದ ಬರ್ತೀನಿ."

ಫೋನಿನಲ್ಲಿ ಫೋಟೋ ತೋರಿಸಿದೆ. "ಛಂದ ಐತಿ" ಎಂದಳು. ಕಣ್ಣಿನೊಳಗಿನದು ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ, "ಅಂಗೈಲೆ ಎಡಗಣ್ಣು ಮುಚ್ಚಿ ಅಕಾ ಅಲ್ಲಿ ಗಿರಣಿ ಚಿಮಣಿ ನೋಡವ್ವಾ" ಎಂದೆ. ಕೆಸರು ಕೈಯನ್ನು ಅಂಗಿಗೆ ಒರೆಸಿಕೊಂಡು ಮುಚ್ಚಿದಳು. ತಲೆಯೆತ್ತಿ ನೋಡಿದಳು. ನನ್ನ ಕಡೆ ತಿರುಗಿದಳು.

"ಮಾಡ ಆತೇನವ್ವಾ?"

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಕೆಳಗೆ ನಿಂತ ರಕ್ತ ಮೇಲಿನ ನೋಟವನ್ನು ಮುಚ್ಚುತ್ತದೆಂದು ಡಾಕ್ಟರರು ಆಮೇಲೆ ಹೇಳಿದರು. ಹುಲಿಗೆಮ್ಮ ಕೈ ತೆಗೆದಳು, ಮುಚ್ಚಿದಳು, ತೆಗೆದಳು. ಎರಡೂ ಕಣ್ಣು ತೆರೆದಿದ್ದಾಗ ಒಂದು ಇನ್ನೊಂದರ ಕೊರತೆಯನ್ನು ಮುಚ್ಚಿಟ್ಟಿತ್ತು. ಕೈಯಲ್ಲಿದ್ದ ಸಸಿಗಳ ಕಟ್ಟನ್ನು ಹಿಂದಿದ್ದವಳಿಗೆ ಕೊಟ್ಟು, "ನಡೀರಿ" ಎಂದಳು.

ಹೊರಡುವ ಮುಂಚೆ ನನಗೆ ನೆನಪಾಯಿತು. "ನಿಮ್ಮ ಯಜಮಾನ್ರ ಹೆಸರು?"

ತಲೆಯ ಟವೆಲಿನ ತುದಿ ಸೆರಗಿನ ಹಾಗೆ ಬಾಯಿಗೆ ಹೋಯಿತು. ಆ ಹೊತ್ತಿನಲ್ಲೂ.

"ಯಮನೂರಪ್ಪ!" ಎಂದು ಕೂಗಿದಳು ಸಾಲಿನಿಂದ ಒಬ್ಬಳು. "ಯಮನೂರಪ್ಪ ಅಂತ್ರಿ, ಇನ್ನೊಮ್ಮೆ ಹೇಳ್ತೀವಿ ಕೇಳ್ರಿ!" ಎಂದು ಉಳಿದವರೂ ದನಿಗೂಡಿಸಿದರು. ಹುಲಿಗೆಮ್ಮ ಬಗ್ಗಿ ಒಂದು ಹಿಡಿ ಕೆಸರೆತ್ತಲು ಹೋದಳು. ನಾನು ಅವಳ ತೋಳನ್ನು ಗಟ್ಟಿಯಾಗಿ ಹಿಡಿದೆ. ಬಗ್ಗಬಾರದಿತ್ತು.

ಹುಬ್ಬಳ್ಳಿಯಲ್ಲಿ ಲೇಸರ್ ಬೆಳಕು ಒಳಗೆ ಹೋಯಿತು. "ರಕ್ತ ನಿಧಾನಕ್ಕ ಕರಗಿದಷ್ಟು ಕರಗಲಿ. ಪರದೆಯೊಳಗ ಕೆಟ್ಟು ಹೋದದ್ದು ಮಾತ್ರ ತಿರುಗಿ ಬರೂದಿಲ್ಲ. ಉಳಿದದ್ದು ಉಳೀತದ" ಎಂದರು ಡಾಕ್ಟರರು. ಉಳಿದ ಹುಲಿಗೆಮ್ಮಗಳನ್ನು ಟ್ರಸ್ಟಿನವರು ಮನೆಮನೆಗೆ ಹೋಗಿ ಕರೆತಂದರು, ತಿಂಗಳು ಕಾಯಲಿಲ್ಲ. ನಾನು ಈಗ ಕ್ಯಾಮೆರಾದ ನಂಬರನ್ನು ಹೆಸರಿನ ಮುಂದೆ ಹಾಗೇ ಉಳಿಸುತ್ತೇನೆ, ಊರನ್ನೂ ಸೇರಿಸುತ್ತೇನೆ. ಎಂ.ವಿ.ಯ ಮುಂದೆ ಒಂದು ಚಿಕ್ಕ ಗೆರೆ ಎಳೆದು ಐ ಅಕ್ಷರ ಒತ್ತಿದರೆ, ಆ ಹೆಸರಿನವಳು ಆಗಲೇ ಇದ್ದಾಳೆ, ಅಳಿಸಲೇ ಎಂದು ಪರದೆ ಬಾಯಿಬಿಟ್ಟು ಕೇಳುತ್ತದೆ. ಆ ಪ್ರಶ್ನೆ ಬಂದಾಗಲೆಲ್ಲ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ.

ಲೇಸರನ್ನು ಕಂತುಗಳಲ್ಲಿ ಕೊಡುತ್ತಾರೆ. ಕೊನೆಯ ಸಲ ಹೋಗುವಾಗ ಬಸ್ಸಿನಲ್ಲಿ ಹುಲಿಗೆಮ್ಮ ಎಡಗಣ್ಣು ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅದು ಅವಳಿಗೆ ರೂಢಿಯಾಗಿತ್ತು. ದಿನಾ ಎಷ್ಟು ತಿಳಿಯಾಗಿದೆ ಎಂದು ಅಳೆಯುತ್ತಿದ್ದಳು.

"ನಿಮ್ಮ ಕುಂಕಮ ಕಾಣವಲ್ದು. ಮೂಗುತಿ ಈ ಸಲ ಕಾಣತೈತಿ. ಬಾಯಿ ಛಲೋ ಕಾಣತೈತಿ." ಎಡಗಣ್ಣಿನ ಮೇಲಿನ ಕೈ ತೆಗೆಯದೆ, "ನಮ್ಮ ಮನ್ಯಾರ ಹೆಸರು ಹೊಲಾ ತುಂಬಾ ಕೂಗಿಸಿದ್ರಿ. ನಿಮ್ಮ ಮನ್ಯಾರ ಹೆಸರೇನ್ರಿ?" ಎಂದಳು.

"ನಮ್ಮ ಮನಿಯವ್ರು..." ಎಂದೆ. ಮುಂದಿನದು ಹೊರಡಲಿಲ್ಲ. ಕಾನ್ವೆಂಟಿನ ಇಂಗ್ಲಿಷಿನಲ್ಲಿ ಎಷ್ಟೋ ಅರ್ಜಿಗಳ ಮೇಲೆ ಬರೆದ ಹೆಸರು ಅದು. ಬಾಯಿಂದ ಎಂದೂ ಆಡಿರಲಿಲ್ಲ.

"ಹೇಳ್ರೆಲಾ. ಬಾಯಿ ಕಾಣತೈತಿ ಅಂದೆನಲ್ಲ, ನೋಡಾಕ ಹತ್ತೀನಿ."

ಹೇಳಿದೆ. ಬಸ್ಸಿನ ಸದ್ದಿಗೆ ಅವಳಿಗೆ ಏನೂ ಕೇಳಿಸಿರಲಿಕ್ಕಿಲ್ಲ. ಆದರೂ ಅವಳು ತೊಡೆ ತಟ್ಟಿಕೊಂಡು ನಕ್ಕಳು. ಕಂಡಿತ್ತು.